ಗುಂಡಿಗಿಳಿಯದ ಮೂರು ತಿಂಗಳು

ವೇದಿಕೆಯ ನಡುವೆ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ಅವರ ಬಲಗಡೆ ಆಸೀನರಾಗಿರುವ ಮುಖ್ಯ ಅತಿಥಿಗಳೇ, ನಮ್ಮ ಲಿಫ್ಟು ರಿಪೇರಿ ಸಂಸ್ಥೆಯ ವ್ಯವಸ್ಥಾಪಕರೇ, ಮೂವತ್ತನಾಲ್ಕು ವರ್ಷ ನನ್ನ ಜೊತೆ ಮೈಗೆ ಗ್ರೀಸು ಮೆತ್ತಿಕೊಂಡ ಗೆಳೆಯರೇ, ಅವರ ಅಂಗಿಯ ಕಲೆ ತೊಳೆದು ತೊಳೆದು ಸಾಕಾಗಿರುವ ಅವರ ಮನೆಯವರೇ, ಊಟದ ಹೊತ್ತು ಮೀರಿದರೂ ಕದಲದೆ ಕುಳಿತಿರುವ ಸಹೃದಯ ಸಭಿಕರೇ,

ಈ ಮೈಕು ನನಗಿಂತ ಮೊದಲು ಮಾತಾಡಿದವರ ಹತ್ತಿರ ಚೆನ್ನಾಗಿಯೇ ಇತ್ತು. ನನ್ನನ್ನು ಕಂಡ ಕೂಡಲೇ ಕಿರುಚಿತು. ಅದರ ತಪ್ಪಿಲ್ಲ. ಈ ಕಾಲದ ಯಂತ್ರಗಳಿಗೂ ನನಗೂ ಅಷ್ಟಕ್ಕಷ್ಟೇ. ನಮ್ಮ ಕಚೇರಿಯ ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕಿಕೊಳ್ಳುವ ಯಂತ್ರ ಇದೆಯಲ್ಲ, ಅದು ಕನ್ನಡಕ ಹಾಕಿಕೊಂಡು ನಿಂತರೆ ತೆಗೆಯಿರಿ ಎನ್ನುತ್ತದೆ. ತೆಗೆದು ನಿಂತರೆ ಅಪರಿಚಿತ ವ್ಯಕ್ತಿ ಎನ್ನುತ್ತದೆ. ನಿನ್ನೆ ನನ್ನ ಕೊನೆಯ ದಿನ. ನಿನ್ನೆ ಮಾತ್ರ ಮೊದಲ ಸಲಕ್ಕೇ ಗುರುತು ಹಿಡಿಯಿತು. ತೊಲಗುವವನನ್ನು ಕಂಡರೆ ಯಂತ್ರಕ್ಕೂ ಪ್ರೀತಿ ಬರುತ್ತದೆಯೇನೋ.

ಈ ಭಾಷಣವನ್ನು ಅಚ್ಚು ಮಾಡಿಸಿಕೊಂಡು ಬರೋಣವೆಂದು ಕಚೇರಿಯ ಪ್ರಿಂಟರಿನ ಮುಂದೆ ನಿಂತೆ. ಕಾಗದ ಹಾಕಿದರೆ ಕಾಗದ ಇಲ್ಲ ಎಂದಿತು. ಕಾಗದ ತೆಗೆದರೆ ಕಾಗದ ಸಿಕ್ಕಿಕೊಂಡಿದೆ ಎಂದಿತು. ಕೊನೆಗೆ ಕೈಯಲ್ಲೇ ಬರೆದುಕೊಂಡು ಬಂದೆ. ಮೂರು ಹಾಳೆ ಇದೆ. ಮೂರನೆಯದನ್ನು ಓದುತ್ತೇನೋ ಇಲ್ಲವೋ ಗೊತ್ತಿಲ್ಲ.

ನನಗೆ ಕೊಟ್ಟಿರುವ ವಿಷಯ: ಮನುಕುಲವನ್ನು ಬದಲಿಸಿದ ಆವಿಷ್ಕಾರಗಳು. ಕೊಟ್ಟಿರುವ ಸಮಯ: ಹತ್ತು ನಿಮಿಷ. ಮನುಕುಲಕ್ಕೆ ಹತ್ತು ನಿಮಿಷ ಕಡಿಮೆಯಾಯಿತು, ಇರಲಿ.

ಸಭಿಕರೇ, ಆವಿಷ್ಕಾರ ಎಂದರೆ ನಮಗೆ ಏನು ನೆನಪಾಗುತ್ತದೆ? ಉಗಿಬಂಡಿ, ವಿಮಾನ, ಚಂದ್ರನ ಮೇಲಿಟ್ಟ ಹೆಜ್ಜೆ. ಇವೆಲ್ಲ ಧೈರ್ಯವಂತರ ಕೆಲಸ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ನಾವು ಇವತ್ತು ಜೀವಂತ ಇಲ್ಲಿ ಕುಳಿತಿದ್ದೇವಲ್ಲ, ಅದು ಯಾರ ದಯೆ? ನಾನು ಹೇಳುತ್ತೇನೆ, ಹೆದರಿದವರ ದಯೆ. ಮುನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಪಂಡಿತ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಮೂಳೆ ಬೇಯಿಸಲು ಹೊರಟ. ಪಾತ್ರೆ ಸಿಡಿದೀತೆಂದು ಹೆದರಿ ಅದರ ನೆತ್ತಿಯಲ್ಲಿ ತೂತು ಮಾಡಿ, ಆವಿ ಹೆಚ್ಚಾದರೆ ಮಾತ್ರ ಮೇಲೇಳುವ ಹಾಗೆ ತೂಕ ಕೂರಿಸಿದ. ನಿಮ್ಮ ಮನೆಯ ಕುಕ್ಕರು ಕೂಗುವಾಗಲೆಲ್ಲ ಕೂಗುವುದು ಅವನ ಹೆದರಿಕೆಯೇ. ಗಣಿಯೊಳಗಿನ ಅನಿಲಕ್ಕೆ ಬೆಂಕಿ ತಗುಲೀತೆಂದು ಹೆದರಿದವನು ದೀಪದ ಸುತ್ತ ತಂತಿಬಲೆ ಸುತ್ತಿದ. ಬ್ರೇಕಿಗೆ ಗಾಳಿ ಒಯ್ಯುವ ಕೊಳವೆ ತುಂಡಾದರೆ ಗತಿಯೇನೆಂದು ಹೆದರಿದವನು, ತುಂಡಾದಾಗಲೇ ಬಿಗಿಯುವಂಥ ಬ್ರೇಕನ್ನು ರೈಲಿಗೆ ಕೂರಿಸಿದ. "ಮುರಿದರೆ ಏನು ಗತಿ?" ಈ ಒಂದು ಪ್ರಶ್ನೆ ಕೇಳಿಕೊಂಡವರಿಂದ ಉಳಿದ ಜೀವಗಳನ್ನು ಯಾರು ಎಣಿಸಿದ್ದಾರೆ?

ಇನ್ನು ನಮ್ಮ ಕಸುಬಿನ ಮೂಲಪುರುಷ. ನೂರ ಎಪ್ಪತ್ತು ವರ್ಷಗಳ ಹಿಂದೆ, ಒಂದು ದೊಡ್ಡ ವಸ್ತುಪ್ರದರ್ಶನದಲ್ಲಿ, ಸಾವಿರಾರು ಜನರ ಎದುರಿಗೆ ಆತ ತೂಗುವ ಅಟ್ಟಣೆಯ ಮೇಲೆ ನಿಂತು ಮೇಲಕ್ಕೇರಿ, ತನ್ನನ್ನು ಹೊತ್ತಿದ್ದ ಹಗ್ಗವನ್ನು ತಾನೇ ಕಡಿಸಿದ. ಅಟ್ಟಣೆ ಒಂದಿಷ್ಟು ಜಾರಿತು, ಆತ ಅದರ ಕೆಳಗೆ ಕೂರಿಸಿದ್ದ ಬ್ರೇಕು ಕಚ್ಚಿಕೊಂಡು ನಿಂತಿತು. ಆತ ಟೋಪಿ ತೆಗೆದು, ಎಲ್ಲ ಕ್ಷೇಮ ಎಂದ. ಅವತ್ತಿನಿಂದ ಮನುಷ್ಯ ಎತ್ತರದ ಕಟ್ಟಡ ಕಟ್ಟಲು ಮನಸ್ಸು ಮಾಡಿದ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಕಥೆಯನ್ನು ನನ್ನ ಗುರುಗಳಿಗೆ ಹೇಳಿದೆ. ಹಳಬರಿಗೆ ಅವರು ಗೊತ್ತು. ಎಲ್ಲವನ್ನೂ ಅಳೆದೇ ನಂಬುತ್ತಿದ್ದ ಅವರನ್ನು ಮಿಲಿಮೀಟರ್ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಟೋಪಿ ತೆಗೆದದ್ದನ್ನ ಊರೆಲ್ಲ ನೋಡ್ತು. ಹಗ್ಗ ಕಡಿಸೋಕೆ ಮುಂಚೆ ಎಷ್ಟು ಸಲ ಕೆಳಗೆ ಬಗ್ಗಿ ಆ ಬ್ರೇಕು ಮುಟ್ಟಿ ನೋಡಿದ್ದನೋ, ಅದನ್ನ ಯಾರು ನೋಡಿದ್ರು?"

ಇಲ್ಲಿಗೆ ಮೊದಲ ಹಾಳೆ ಮುಗಿಯಿತು. ಎರಡನೆಯ ಹಾಳೆಯಲ್ಲಿ ಧನ್ಯವಾದಗಳಿವೆ. ಅದನ್ನು ಸ್ವಲ್ಪ ಮಡಿಸಿಡುತ್ತೇನೆ.

ಈಗ ತಾನೇ ನಿರೂಪಕಿಯವರು ನನ್ನ ಸನ್ಮಾನ ಫಲಕವನ್ನು ಓದಿದರು. "ಮೂವತ್ತನಾಲ್ಕು ವರ್ಷ, ಒಂದೂ ಲೋಪವಿಲ್ಲದ ಸೇವೆ." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆ ಕೇಳುವಾಗ ನನಗೆ ಆದದ್ದು ಸಂತೋಷವಲ್ಲ. ಫಲಕದ ಆ ಸಾಲನ್ನು ಮತ್ತೊಮ್ಮೆ ಓದಿಕೊಂಡೆ.

ಸಭಿಕರೇ, ನಮ್ಮ ಕಸುಬಿನವರಲ್ಲದವರಿಗಾಗಿ ಒಂದು ಮಾತು. ಲಿಫ್ಟಿನ ದಾರಿ ನೆಲಮಹಡಿಗೆ ಮುಗಿಯುವುದಿಲ್ಲ. ಅದರ ಕೆಳಗೆ ಆಳೆತ್ತರದ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ನಾವು ಆ ಗುಂಡಿಗಿಳಿದು ಕಸ ತೆಗೆದು, ಎಲ್ಲವನ್ನೂ ಮುಟ್ಟಿ ನೋಡಿ, ರಿಜಿಸ್ಟರಿನಲ್ಲಿ "ಪರೀಕ್ಷಿಸಲಾಗಿದೆ" ಎಂದು ಬರೆದು ಸಹಿ ಹಾಕಬೇಕು.

ಇಪ್ಪತ್ತಾರು ವರ್ಷಗಳ ಹಿಂದಿನ ಮಾತು. ಎಂಟು ಮಹಡಿಯ ಒಂದು ಕಟ್ಟಡ. ಕೆಳಗೆಲ್ಲ ಕಚೇರಿಗಳು, ಏಳನೆಯ ಮಹಡಿಯಲ್ಲಿ ಹಲ್ಲಿನ ಡಾಕ್ಟರು. ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಒಂದು ದಿನ ಬೆಳಗ್ಗೆ ನಾನು ಅದರ ಗುಂಡಿಯಲ್ಲಿ ಕುಳಿತು ಕಸ ಬಳಿಯುತ್ತಿದ್ದೆ. ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಬಂದಿದ್ದೆ. ಕಾವಲುಗಾರ ಅದನ್ನು ನೋಡಿದ, ಯಾರೋ ಮರೆತಿದ್ದಾರೆ ಎಂದುಕೊಂಡ, ಆನ್ ಮಾಡಿದ. ಇಡೀ ಕಟ್ಟಡದಲ್ಲಿ ಅವನಷ್ಟು ಜವಾಬ್ದಾರಿಯ ಮನುಷ್ಯ ಇನ್ನೊಬ್ಬನಿರಲಿಲ್ಲ, ಪಾಪ.

ಜನ ನಿಲ್ಲುವ ಲಿಫ್ಟಿನ ಪೆಟ್ಟಿಗೆ ಕೆಳಗೆ ಬಂತು. ಸದ್ದಿಲ್ಲದೆ ಬಂತು. ಮೊದಲು ಬೆಳಕು ಹೋಯಿತು, ಆಮೇಲೆ ಗಾಳಿ ಬಿಸಿಯಾಯಿತು. ನಾನು ಕುಳಿತಲ್ಲೇ ಬಗ್ಗಿ ಮೊಣಕಾಲಿಗೆ ಹಣೆ ಒತ್ತಿದೆ. ಪೆಟ್ಟಿಗೆಯ ತಳ ನನ್ನ ಬೆನ್ನಿನಿಂದ ಒಂದು ಗೇಣು ಮೇಲೆ ನಿಂತಿತು. ನನ್ನ ತಲೆಯ ಮೇಲೆ ಯಾರೋ ಇಳಿದು ಹೋದರು, ಇನ್ನಾರೋ ಹತ್ತಿದರು. ಹತ್ತಿದವರು ನಗುತ್ತಿದ್ದರು. ಪೆಟ್ಟಿಗೆ ಮೇಲೆ ಹೋಯಿತು. ನಾನು ಹೊರಗೆ ಬಂದು, ಮುಖ ತೊಳೆದುಕೊಂಡು, ಸಹಿ ಹಾಕಿ, ಮನೆಗೆ ಹೋದೆ.

ಯಾರಿಗೆ ಹೇಳಿದೆ? ಯಾರಿಗೂ ಹೇಳಲಿಲ್ಲ. ಮೇಸ್ತ್ರಿಗೆ ಹೇಳಲಿಲ್ಲ, ಮನೆಯಲ್ಲಿ ಹೇಳಲಿಲ್ಲ. ಲಿಫ್ಟು ರಿಪೇರಿಯವನಿಗೆ ಲಿಫ್ಟು ಕಂಡರೆ ಭಯ ಎಂದರೆ ನಗುವುದಿಲ್ಲವೇ? ಅವತ್ತಿನಿಂದ ನಾನು ಫ್ಯಾನಿನ ಕೆಳಗೆ ಮಲಗುವುದನ್ನು ಬಿಟ್ಟೆ. ಗೋಡೆಯ ಪಕ್ಕಕ್ಕೆ ಹಾಸಿಗೆ ಎಳೆದುಕೊಂಡೆ. "ಈ ಸೆಕೇಲಿ ಅಲ್ಯಾಕೆ ಮಲಗ್ತೀರ?" ಎಂದು ಹೆಂಡತಿ ಕೇಳಿದರೆ, "ಗಾಳಿ ಮೂಗಿಗೆ ಹೊಡೆಯುತ್ತೆ" ಎಂದೆ. ಮುಂದಿನ ತಿಂಗಳು ಆ ಗುಂಡಿಯ ಏಣಿಯ ಮೇಲೆ ಒಂದು ಕಾಲಿಟ್ಟೆ. ಎರಡನೆಯ ಕಾಲು ಬರಲಿಲ್ಲ. ಮೇಲೆ ಬಂದು ಬರೆದೆ: ಪರೀಕ್ಷಿಸಲಾಗಿದೆ. ಅದರ ಮುಂದಿನ ತಿಂಗಳೂ ಬರೆದೆ. ಅದರ ಮುಂದಿನ ತಿಂಗಳೂ ಬರೆದೆ. ಎಷ್ಟು ಸುಲಭವಾಗಿತ್ತೆಂದರೆ, ಮೂರನೆಯ ಸಲ ಅಕ್ಷರ ದುಂಡಗೆ ಬಂದಿತ್ತು.

ಅಧ್ಯಕ್ಷರು ಗಡಿಯಾರ ನೋಡುವುದನ್ನು ನಿಲ್ಲಿಸಿದ್ದಾರೆ. ದಯವಿಟ್ಟು ಇನ್ನು ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

ಮೂರನೆಯ ಸಹಿ ಹಾಕಿ ಹನ್ನೊಂದು ದಿನ ಆಗಿತ್ತು. ನಾನೂ ಮೇಸ್ತ್ರಿಯೂ ಪಕ್ಕದ ಬೀದಿಯಲ್ಲಿ ಇನ್ನೊಂದು ಲಿಫ್ಟಿನ ಬಾಗಿಲು ಬಿಚ್ಚಿಕೊಂಡು ಕುಳಿತಿದ್ದೆವು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅದೇ ಕಾವಲುಗಾರ ಏದುಸಿರು ಬಿಡುತ್ತ ಓಡಿ ಬಂದ. "ಲಿಫ್ಟು ನಾಲ್ಕರ ಹತ್ರ ನಿಂತಿದೆ. ನಿಂತೂ ಇಲ್ಲ. ಸ್ವಲ್ಪ ಸ್ವಲ್ಪ ಇಳೀತಾ ಇದೆ. ಒಳಗೆ ಏಳು ಜನ" ಎಂದ. ಆಮೇಲೆ ನನ್ನನ್ನು ನೋಡಿ, "ನಿಮ್ಮ ತಾಯಿಯೋರೂ ಇದಾರೆ, ನಿಮ್ಮ ಮನೆಯೋರೂ ಇದಾರೆ" ಎಂದ.

ಅಮ್ಮನಿಗೆ ಅವತ್ತು ಹಲ್ಲಿನ ಸೆಟ್ಟು ಕೂರಿಸುವ ದಿನ. ಹೆಂಡತಿ ಕರೆದುಕೊಂಡು ಹೋಗಿದ್ದಳು. ಬೆಳಗ್ಗೆ ನಾನೇ ಹೇಳಿ ಕಳಿಸಿದ್ದೆ, "ಅಮ್ಮನ್ನ ಮೆಟ್ಟಿಲು ಹತ್ತಿಸಬೇಡ, ಲಿಫ್ಟಲ್ಲೇ ಹೋಗಿ" ಎಂದು.

ನಾಲ್ಕನೆಯ ಮಹಡಿಗೆ ಹೇಗೆ ಓಡಿದೆನೋ ಗೊತ್ತಿಲ್ಲ. ಪೆಟ್ಟಿಗೆಯ ನೆಲ ನನ್ನ ಎದೆಮಟ್ಟಕ್ಕೆ ನಿಂತಿತ್ತು. ಮಹಡಿಯ ಜಾಲರಿ ಬಾಗಿಲನ್ನು ಯಾರೋ ತೆಗೆದಿದ್ದರು. ನನಗೆ ಕಾಣುತ್ತಿದ್ದದ್ದು ಕಾಲುಗಳು. ಅಮ್ಮನ ಊದಿದ ಪಾದ. ಹೆಂಡತಿಯ ಚಪ್ಪಲಿ, ಅದರ ಕಿತ್ತುಹೋದ ಬಾರನ್ನು ಹಿಂದಿನ ಭಾನುವಾರ ನಾನೇ ಹೊಲಿದಿದ್ದೆ. ಐವರು ಕಚೇರಿಯವರು, ಅವರ ಜೊತೆ ಹಳೆಯ ಕಡತ ತುಂಬಿದ ಒಂದು ತಳ್ಳುಗಾಡಿ. ಆ ಕಾಲುಗಳ ಕೆಳಗೆ ಪೆಟ್ಟಿಗೆಯ ತಳ. ತಳದ ಕೆಳಗೆ, ನನ್ನ ಎದೆಯಿಂದ ಪಾದದವರೆಗೆ, ಬರೀ ಕತ್ತಲು. ನಾಲ್ಕು ಮಹಡಿಯ ಬಾವಿ.

ಒಬ್ಬ ಗುಮಾಸ್ತ ಅಂಚಿನಲ್ಲಿ ಕುಳಿತು ಆಗಲೇ ಕಾಲು ಹೊರಗೆ ಇಳಿಬಿಟ್ಟಿದ್ದ. ಕಾರಿಡಾರಿನಲ್ಲಿ ನಿಂತವರು "ಹಾರಿ ಸಾರ್, ನಾವು ಹಿಡ್ಕೋತೀವಿ" ಎನ್ನುತ್ತಿದ್ದರು. ಲಿಫ್ಟಿನಿಂದ ಹೀಗೆ ಹಾರಿದವರು ಎತ್ತ ಬೀಳುತ್ತಾರೆ ಎಂದು ನಮ್ಮವರಿಗೆ ಗೊತ್ತು. ಹಾರುವಾಗ ಕಾಲು ಮುಂದೆ ಬರುತ್ತದೆ, ಸೊಂಟ ಹಿಂದೆ ಉಳಿಯುತ್ತದೆ, ಹಿಂದೆ ಕತ್ತಲೆ ಕಾದಿರುತ್ತದೆ.

"ಯಾರೂ ಹಾರಬೇಡಿ, ಒಳಗೇ ಇರಿ" ಎಂದೆ.

ಅಷ್ಟರಲ್ಲಿ ಪೆಟ್ಟಿಗೆ ನಾಲ್ಕು ಬೆರಳು ಜಾರಿತು. ಮೇಲೆ ಮೋಟಾರಿನ ಬ್ರೇಕಿಗೆ ಎಣ್ಣೆ ಸೋರಿತ್ತು. ಅದು ಭಾರ ತಡೆಯಲಾರದೆ ಸ್ವಲ್ಪಸ್ವಲ್ಪವೇ ಹಿಡಿತ ಬಿಡುತ್ತಿತ್ತು. ಒಳಗೆ ಯಾರೋ ಅಳತೊಡಗಿದರು. ಹೆಂಡತಿ ಬಗ್ಗಿ ಪೆಟ್ಟಿಗೆಯ ಅರೆತೆರೆದ ಜಾಲರಿಯ ಸಂದಿಯಿಂದ ನನ್ನ ಮುಖ ನೋಡಿದಳು. ಅವಳಿಗೆ ಕಸುಬಿನ ಮಾತು ಗೊತ್ತು, ಊಟದ ಹೊತ್ತಿನಲ್ಲಿ ಕೇಳಿ ಕೇಳಿ ಗೊತ್ತು.

"ಹಗ್ಗ ಹೋದರೂ ಪೆಟ್ಟಿಗೆ ತಳದಲ್ಲಿರೋ ಇಕ್ಕಳ ಹಿಡಿಯುತ್ತೆ ಅಂತೀರಲ್ಲ, ಅದು ಸರಿ ಇದೆಯಾ? ನೋಡಿದೀರಾ ನೀವು?" ಎಂದಳು.

ಸಭಿಕರೇ, ನಾನು ಏನು ಹೇಳಬೇಕಿತ್ತು?

"ನೋಡಿದೀನಿ. ಹಿಡಿಯುತ್ತೆ" ಎಂದೆ.

ಅವಳು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇವರು ಹಿಡಿಯುತ್ತೆ ಅಂದ್ರೆ ಹಿಡಿಯುತ್ತೆ. ಇವರೇ ನೋಡಿಕೊಳ್ಳೋ ಲಿಫ್ಟು ಇದು. ಯಾರೂ ಹಾರಬೇಡಿ." ಹೇಳಿ, ಅಂಚಿನಲ್ಲಿ ಕುಳಿತಿದ್ದ ಗುಮಾಸ್ತನನ್ನು ಕಾಲರ್ ಹಿಡಿದು ಒಳಕ್ಕೆ ಎಳೆದುಕೊಂಡಳು. ಜಾಲರಿ ಮುಚ್ಚಿದಳು. ಅಮ್ಮ ಒಳಗಿನಿಂದ, "ಮಗಾ, ನನ್ನ ಹಲ್ಲಿನ ಡಾಕ್ಟ್ರು ಒಂದು ಗಂಟೆಗೆ ಹೊರಟುಬಿಡ್ತಾರೆ, ಬೇಗ ಮಾಡು" ಎಂದಳು. ಅವಳಿಗೆ ಭಯವೇ ಇರಲಿಲ್ಲ. ಮಗ ಬಂದಿದ್ದನಲ್ಲ.

ಮೇಸ್ತ್ರಿ ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿ ಬಂದಿದ್ದರು. ಮೇಲಿನ ಮೋಟಾರು ಕೋಣೆಗೆ ಹೋಗಿ ಚಕ್ರಕ್ಕೆ ಸರಪಳಿ ಕಟ್ಟಿ ನಿಲ್ಲಿಸುವುದು ಅವರ ಯೋಚನೆ. ನಾನು ಅವರ ತೋಳು ಹಿಡಿದು ಮೂಲೆಗೆ ಎಳೆದೆ. "ಮೇಸ್ತ್ರಿ, ನಾನು ಮೂರು ತಿಂಗಳಿಂದ ಗುಂಡಿಗೆ ಇಳಿದಿಲ್ಲ" ಎಂದೆ.

ಅವರು ಬೈಯಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ನನ್ನ ಮುಖ ನೋಡಿ ಹೇಳಿದರು: "ಹಾಗಾದ್ರೆ ಈಗ ಇಳಿ."

ಅವರು ಮೇಲೆ ಹೋದರು. ನಾನು ಕೆಳಗೆ ಹೋದೆ.

ಆ ತಳದ ಇಕ್ಕಳಗಳನ್ನು ಎಳೆಯುವುದು ಒಂದು ತೆಳು ಉಕ್ಕಿನ ಹಗ್ಗ. ಪೆಟ್ಟಿಗೆಯ ವೇಗ ಮಿತಿ ಮೀರಿದರೆ ಅದರ ಜೊತೆ ಓಡುತ್ತಿರುವ ಆ ಹಗ್ಗ ತಟ್ಟನೆ ನಿಂತು ಇಕ್ಕಳವನ್ನು ಎಳೆಯುತ್ತದೆ, ಇಕ್ಕಳ ಹಳಿಯನ್ನು ಕಚ್ಚುತ್ತದೆ. ಆದರೆ ಹಗ್ಗ ಬಿಗಿಯಾಗಿರಬೇಕು. ಬಿಗಿಯಾಗಿರಲೆಂದು ಅದರ ಕೆಳತುದಿಗೆ ಒಂದು ಕಬ್ಬಿಣದ ತೂಕ ಕಟ್ಟಿ ಗುಂಡಿಯಲ್ಲಿ ತೂಗುಬಿಟ್ಟಿರುತ್ತಾರೆ. ಆ ತೂಕ ಯಾವುದರ ಮೇಲೂ ಕೂರಬಾರದು. ಕೂತರೆ ಹಗ್ಗ ಸಡಿಲ. ಹಗ್ಗ ಸಡಿಲವಾದರೆ ಆವಿಷ್ಕಾರವೂ ಇಲ್ಲ, ಇತಿಹಾಸವೂ ಇಲ್ಲ, ಬರೀ ಪೆಟ್ಟಿಗೆ.

ನೆಲಮಹಡಿಯ ಬಾಗಿಲು ತೆಗೆದು ಏಣಿಯ ಮೇಲೆ ಕಾಲಿಟ್ಟೆ. ಎರಡನೆಯ ಕಾಲು ಅವತ್ತೂ ಬರಲಿಲ್ಲ. ನಿಜ ಹೇಳುತ್ತೇನೆ, ನನ್ನ ತಾಯಿ ಮೇಲೆ ಇದ್ದಳು, ಹೆಂಡತಿ ಮೇಲೆ ಇದ್ದಳು, ಆದರೂ ಬರಲಿಲ್ಲ. ಕೈ ಬಿಟ್ಟೆ. ಬಿದ್ದೆ. ಇಳಿದದ್ದಲ್ಲ, ಬಿದ್ದದ್ದು. ಟಾರ್ಚು ಹಾಕಿ ನೋಡಿದರೆ, ತೂಕ ಕಸದ ಮೇಲೆ ಕೂತಿತ್ತು. ಮೂರು ತಿಂಗಳಲ್ಲಿ ಜನ ಬಾಗಿಲ ಸಂದಿಯಿಂದ ಬೀಳಿಸಿದ್ದ ಚಿಂದಿ, ಕಾಗದ, ಬಣ್ಣ ಬಳಿಯುವವರು ಬಿಟ್ಟುಹೋದ ಒಂದು ಗೋಣಿಚೀಲ, ಒಡೆದ ಇಟ್ಟಿಗೆಗಳು, ಎಲ್ಲ ನೀರಲ್ಲಿ ನೆನೆದು ಗಟ್ಟಿಯಾಗಿತ್ತು. ಅದರ ಮೇಲೆ ಆ ತೂಕ ಹಾಯಾಗಿ ಕೂತಿತ್ತು. ಮೇಲಿನಿಂದ ಬಂದ ಹಗ್ಗ ಹಾವಿನ ಹಾಗೆ ಮಡಿಸಿಕೊಂಡಿತ್ತು.

ಕೈಯಿಂದ ತೋಡಿದೆ. ಉಗುರು ಕಿತ್ತದ್ದು ಆಮೇಲೆ ಗೊತ್ತಾಯಿತು. ಮೇಲೆ ಪೆಟ್ಟಿಗೆ ಜಾರುವ ಸದ್ದು ಕೇಳುತ್ತಿತ್ತು. ಮೊದಲು ಒಂದು ಕಿರ್ ಸದ್ದು, ಆಮೇಲೆ ಮೌನ, ಆಮೇಲೆ ಅಷ್ಟು ಜನ ಒಟ್ಟಿಗೆ ಉಸಿರು ಎಳೆದುಕೊಳ್ಳುವ ಸದ್ದು. ಬಾವಿಯಲ್ಲಿ ಅದೆಲ್ಲ ಕಿವಿಯ ಪಕ್ಕದಲ್ಲೇ ಆದ ಹಾಗೆ ಕೇಳುತ್ತದೆ. ಇಟ್ಟಿಗೆಗಳನ್ನು ಎಳೆದು ಹಾಕಿದೆ. ಗೋಣಿಚೀಲ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದೆ. ತೂಕ ಒಂದು ಸಲ ವಾಲಿತು, ಆಮೇಲೆ ಕೆಳಗೆ ಬಂದು ತೂಗಾಡಿತು. ಹಗ್ಗ ನೆಟ್ಟಗಾಯಿತು. ನಾನು ಅದನ್ನು ಬೆರಳಲ್ಲಿ ಮೀಟಿದೆ. ತಂಬೂರಿಯ ತಂತಿಯ ಹಾಗೆ ಮಿಡಿಯಿತು.

"ಬಿಗಿಯಾಯ್ತು" ಎಂದು ಕೂಗಬೇಕೆಂದು ತಲೆ ಎತ್ತಿದೆ. ಮೇಲಿನ ಜಾಲರಿ ಬಾಗಿಲುಗಳಿಂದ ಬರುತ್ತಿದ್ದ ಬೆಳಕು ಒಂದೊಂದಾಗಿ ಮುಚ್ಚಿಹೋಗುತ್ತಿತ್ತು.

ಮೇಸ್ತ್ರಿ ಮೋಟಾರು ಕೋಣೆಯಲ್ಲಿ ಇನ್ನೂ ಸರಪಳಿ ಸುತ್ತುತ್ತಿದ್ದರಂತೆ. ಬ್ರೇಕು ಪೂರ್ತಿ ಕೈಬಿಟ್ಟಿತ್ತು. ಪೆಟ್ಟಿಗೆ ಬರುತ್ತಿತ್ತು. ನಾನು ಮೂರು ತಿಂಗಳು ಫ್ಯಾನಿನ ಕೆಳಗೆ ಯಾವುದನ್ನು ಕಂಡು ಮಲಗಲಾರದೆ ಇದ್ದೆನೋ ಅದೇ ಬರುತ್ತಿತ್ತು, ಈ ಸಲ ನನ್ನವರನ್ನು ಹೊತ್ತುಕೊಂಡು. ಓಡಲು ಜಾಗವಿರಲಿಲ್ಲ. ಕಸದ ಮೇಲೆ ಅಂಗಾತ ಬಿದ್ದು ನೋಡುತ್ತಿದ್ದೆ. ಕಣ್ಣು ಮುಚ್ಚಲಿಲ್ಲ, ಧೈರ್ಯಕ್ಕಲ್ಲ, ಮುಚ್ಚಲು ಆಗಲಿಲ್ಲ. ಪಕ್ಕದ ತೆಳು ಹಗ್ಗ ಸುಯ್ಯೆಂದು ಓಡುತ್ತಿತ್ತು. ಒಮ್ಮೆಲೇ ನಿಂತಿತು. ನಿಂತ ಕೂಡಲೇ ಮೇಲೆ ಎರಡು ಸದ್ದು, ಎಡಕ್ಕೊಂದು ಬಲಕ್ಕೊಂದು, ಕಬ್ಬಿಣ ಕಬ್ಬಿಣವನ್ನು ಕಚ್ಚಿದ ಸದ್ದು. ಹಳಿಯ ತುಕ್ಕು ನನ್ನ ಮುಖದ ಮೇಲೆ ಉದುರಿತು.

ಪೆಟ್ಟಿಗೆ ಒಂದನೆಯ ಮಹಡಿಗೂ ಎರಡನೆಯದಕ್ಕೂ ನಡುವೆ ನಿಂತಿತ್ತು.

ಎಲ್ಲರೂ ಬದುಕಿದರು. ಕಡತದ ಗಾಡಿ ಹರಿದು ಗುಮಾಸ್ತನ ಕಾಲಿನ ಬೆರಳು ಮುರಿಯಿತು. ಅಮ್ಮನ ಮಣಿಕಟ್ಟು ಮುರಿಯಿತು. ಮೂರು ತಿಂಗಳು ಹೆಂಡತಿಯೇ ಅವಳಿಗೆ ಊಟ ಮಾಡಿಸಿದಳು, ತಲೆ ಬಾಚಿದಳು. ಅಮ್ಮ ತೀರಿಕೊಳ್ಳುವವರೆಗೂ ಬಂದವರಿಗೆಲ್ಲ ಹೇಳುತ್ತಿದ್ದಳು, "ನನ್ನ ಮಗ ಕೆಳಗೆ ನಿಂತು ಲಿಫ್ಟನ್ನ ಕೈಯಲ್ಲಿ ಹಿಡಿದ" ಎಂದು. ನಾನು ತಲೆ ತಗ್ಗಿಸಿದರೆ, ನೋಡಿ ಎಂಥ ಸಂಕೋಚದ ಮನುಷ್ಯ ಎನ್ನುತ್ತಿದ್ದರು.

ವರದಿಯನ್ನು ಮೇಸ್ತ್ರಿ ಬರೆದರು. "ಮೋಟಾರಿನ ಬ್ರೇಕು ವಿಫಲ. ಸುರಕ್ಷಾ ಇಕ್ಕಳ ಸರಿಯಾಗಿ ಕೆಲಸ ಮಾಡಿದೆ." ಆಮೇಲೆ ನನಗೆ ಹೇಳಿದರು: "ನಾನು ಬರೆದದ್ದರಲ್ಲಿ ಸುಳ್ಳಿಲ್ಲ. ಬರೆಯದೇ ಬಿಟ್ಟದ್ದನ್ನ ನೀನು ಹೊತ್ಕೊ." ಅವರು ಹೋಗಿ ಒಂಬತ್ತು ವರ್ಷ ಆಯಿತು. ಇಷ್ಟು ವರ್ಷ ಹೊತ್ತಿದ್ದೇನೆ. ಅದರ ನಂತರ ಒಂದು ಗುಂಡಿಯನ್ನೂ ನಾನು ಬಿಟ್ಟಿಲ್ಲ. ಪ್ರತಿ ಸಲ ಹೆದರಿದ್ದೇನೆ, ಪ್ರತಿ ಸಲ ಇಳಿದಿದ್ದೇನೆ. ಅದಕ್ಕೆ ಫಲಕ ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಇವತ್ತೇ ಯಾಕೆ ಹೇಳಿದೆ? ವ್ಯವಸ್ಥಾಪಕರು ಕ್ಷಮಿಸಬೇಕು. ನನಗಿಂತ ಮೊದಲು ನೀವು ಹೊಸ ಆ್ಯಪ್ ಉದ್ಘಾಟಿಸಿದಿರಿ. ಇನ್ನು ರಿಜಿಸ್ಟರು ಬೇಡ, ಫೋನಿನಲ್ಲೇ ನಲವತ್ತೆರಡು ಚೌಕಗಳಿಗೆ ಗುರುತು ಹಾಕಿದರೆ ಪರೀಕ್ಷೆ ಮುಗಿಯಿತು ಎಂದಿರಿ. ತರಬೇತಿಗೆಂದು ನನ್ನ ಫೋನಿಗೂ ಅದನ್ನು ಹಾಕಿಕೊಟ್ಟಿದ್ದರು. ಹೋದ ವಾರ ನಾನು ಮನೆಯ ಅಡುಗೆಮನೆಯಲ್ಲಿ ಕುಳಿತು ಒಂದೊಂದೇ ಚೌಕ ಒತ್ತಿದೆ. ಲಾಗಿನ್ ಆಗಲು ಹಿಡಿದದ್ದು ಇಪ್ಪತ್ತು ನಿಮಿಷ. ಫೋನಿಗೆ ಒಟಿಪಿ ಬರುವಷ್ಟರಲ್ಲಿ ಪುಟ ಮುಚ್ಚಿಹೋಗುತ್ತಿತ್ತು. ಹನ್ನೆರಡು ಮಹಡಿಯ ಒಂದು ಕಟ್ಟಡದ ಲಿಫ್ಟನ್ನು ಪರೀಕ್ಷಿಸಲು ಹಿಡಿದದ್ದು ಒಂದು ನಿಮಿಷ. ಗುಂಡಿ, ಸರಿ. ತೂಕ, ಸರಿ. ಹಗ್ಗ, ಸರಿ. ಕೊನೆಗೆ ಪರದೆ ಹಸಿರಾಯಿತು, ಅಭಿನಂದನೆಗಳು ಎಂದಿತು. ನಾನು ಆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಅದೇ ಮಧ್ಯಾಹ್ನ ಹೋಗಿ ಆ ಗುಂಡಿಗಿಳಿದು ಬಂದೆ. ಅದು ಸರಿಯಾಗಿಯೇ ಇತ್ತು. ಸರಿಯಾಗಿಲ್ಲದಿದ್ದರೂ ಪರದೆ ಹಸಿರಾಗಿಯೇ ಇರುತ್ತಿತ್ತು.

ಹೊಸದಾಗಿ ಸೇರಿದವರೇ, ನಿಮ್ಮಲ್ಲಿ ಯಾರಿಗಾದರೂ ಗುಂಡಿ ಕಂಡರೆ ಭಯವಾದರೆ, ಬಾಯಿಬಿಟ್ಟು ಹೇಳಿ. ಜೊತೆಗೆ ಇನ್ನೊಬ್ಬರು ಇಳಿಯುತ್ತಾರೆ. ನಗುವವರು ನಕ್ಕುಕೊಳ್ಳಲಿ. ಭಯ ಇರುವುದು ತಪ್ಪಲ್ಲ. ನಾನು ಅದನ್ನು ಸಹಿಯ ಕೆಳಗೆ ಬಚ್ಚಿಟ್ಟೆ, ತಪ್ಪಾದದ್ದು ಅಲ್ಲಿ. ಅಧ್ಯಕ್ಷರೇ, ಫಲಕದ ಆ ಒಂದು ಸಾಲನ್ನು ತೆಗೆಸಿಕೊಡಿ. ಉಳಿದದ್ದನ್ನು ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತು ಉಳಿದಿದೆ. ಮೂರನೆಯ ಹಾಳೆಯಲ್ಲಿ ಏನೂ ಇಲ್ಲ, ಅಲ್ಲಿ ಬರೆಯಲು ನನಗೆ ಧೈರ್ಯ ಬಂದಿರಲಿಲ್ಲ. ಅವತ್ತು ಸಂಜೆ ಹೆಂಡತಿ ನನ್ನ ಬೆರಳಿಗೆ ಬಟ್ಟೆ ಸುತ್ತುತ್ತ, "ನೀವು ಗುಂಡೀಲಿ ಯಾಕಿದ್ರಿ?" ಎಂದು ಕೇಳಿದಳು. "ಕೆಲಸ ಇತ್ತು" ಎಂದೆ. ಅವಳು ಮತ್ತೆ ಕೇಳಲಿಲ್ಲ. ಇಪ್ಪತ್ತಾರು ವರ್ಷ ಕೇಳಲಿಲ್ಲ. ಎರಡನೆಯ ಸಾಲಿನಲ್ಲಿ, ಕಂಬದ ಪಕ್ಕ ಕುಳಿತಿದ್ದಾಳೆ. "ನೋಡಿದೀನಿ, ಹಿಡಿಯುತ್ತೆ" ಎಂಬ ನನ್ನ ಮಾತನ್ನು ನಂಬಿ ಆರು ಜನರನ್ನು ಪೆಟ್ಟಿಗೆಯೊಳಗೆ ಉಳಿಸಿಕೊಂಡವಳು. ನಾನು ನೋಡಿರಲಿಲ್ಲ ಎಂಬುದನ್ನು ಅವಳು ಈಗಷ್ಟೇ, ನಿಮ್ಮ ಜೊತೆಗೆ, ಇದೇ ಮೈಕಿನಿಂದ ಕೇಳಿದ್ದಾಳೆ. ಮನೆಯಲ್ಲಿ ಹೇಳಲಾಗದ್ದನ್ನು ಮುನ್ನೂರು ಜನರ ಮರೆಯಲ್ಲಿ ನಿಂತು ಹೇಳಿದೆ. ಇಷ್ಟು ಹೊತ್ತು ನಾನು ಎಲ್ಲ ಕಡೆ ನೋಡಿ ಮಾತಾಡಿದ್ದೇನೆ, ಆ ಕಂಬದ ಕಡೆ ಮಾತ್ರ ನೋಡಿಲ್ಲ.

ಈಗ ನೋಡುತ್ತಿದ್ದೇನೆ. ಅವಳ ಮುಖದಿಂದ ನನಗೆ ಏನೂ ತಿಳಿಯುತ್ತಿಲ್ಲ.

ಈ ಸಭಾಂಗಣ ಇರುವುದು ಆರನೆಯ ಮಹಡಿಯಲ್ಲಿ. ಇನ್ನು ಸ್ವಲ್ಪ ಹೊತ್ತಿಗೆ ನಾವಿಬ್ಬರೂ ಇಳಿದು ಮನೆಗೆ ಹೋಗಬೇಕು. ಲಿಫ್ಟಿನಲ್ಲೋ ಮೆಟ್ಟಿಲಲ್ಲೋ, ಅವಳು ಹೇಳಿದ ಹಾಗೆ.

ನನ್ನ ಹೆದರಿಕೆಯನ್ನು ಇಷ್ಟು ಹೊತ್ತು ಕುಳಿತು ಕೇಳಿದ ನಿಮಗೆಲ್ಲ ಧನ್ಯವಾದಗಳು. ನಮಸ್ಕಾರ.